ದೊಡ್ಡ ಕೊಚಿನ್ ಕೋಳಿ: ಗರಿಯ ಕೆಳಗೆ ಮೈ ಇರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಕೋಳಿ ವಿಷಯ ಮಾತಾಡೋಣ. ಬ್ರಾಯ್ಲರ್ ಅಲ್ಲ, ಮೊಟ್ಟೆ ಫಾರಂ ಕೋಳಿಯೂ ಅಲ್ಲ. ಕೊಚಿನ್ ಅಂತ ಒಂದು ತಳಿ ಇದೆ, ಅದರಲ್ಲೂ ದೊಡ್ಡ ಜಾತಿಯ ಕೊಚಿನ್. ಬೆಳೆದ ಹುಂಜ 5 ಕಿಲೋ ತೂಗಬೇಕು, ಹೇಂಟೆ 4 ಕಿಲೋಗೆ ಹತ್ತಿರ ಬರಬೇಕು. ನಮ್ಮೂರ ಕಡೆ ನಾಟಿ ಹುಂಜ ಎರಡೂವರೆ ಕಿಲೋ ಆದರೆ ಭಾರಿ ಹುಂಜ ಅನ್ನುತ್ತೇವೆ, ಅಲ್ವಾ? ಇದು ಅದರ ಎರಡರಷ್ಟು. ಮೈತುಂಬ ಮೆತ್ತನೆಯ ಗರಿ, ಕಾಲಿನಿಂದ ನಡು ಬೆರಳಿನ ತುದಿಯವರೆಗೂ ಗರಿ.

ನಾನು ಅಮೆರಿಕದ ಒಹಾಯೊದಲ್ಲಿ ಮನೆ ಹಿತ್ತಲಲ್ಲಿ ಈ ಕೋಳಿ ಸಾಕುತ್ತೇನೆ. ಇಲ್ಲಿನ ಕನ್ನಡದವರು ಹೆಸರು ಕೇಳಿದ ಕೂಡಲೇ ಕೇರಳದ ಕೊಚ್ಚಿಯದಾ ಅಂತ ಕೇಳುತ್ತಾರೆ. ಅಲ್ಲ, ಚೀನಾದ್ದು. 1842ರಲ್ಲಿ ಬ್ರಿಟನ್ನಿಗೂ ಚೀನಾಕ್ಕೂ ಆದ ಒಪ್ಪಂದದ ನಂತರ ಶಾಂಘೈ ಮೊದಲಾದ ಬಂದರುಗಳು ಪರದೇಶದ ಹಡಗುಗಳಿಗೆ ತೆರೆದವು. ಅಲ್ಲಿಂದ ಈ ಕೋಳಿಗಳು ಇಂಗ್ಲೆಂಡಿಗೂ ಅಮೆರಿಕಕ್ಕೂ ಬಂದವು. ಮೊದಮೊದಲು ಜನ ಇವನ್ನು ಶಾಂಘೈ ಕೋಳಿ ಅಂತಲೇ ಕರೆಯುತ್ತಿದ್ದರು. ವಿಕ್ಟೋರಿಯಾ ರಾಣಿಯ ಕೋಳಿಮನೆಗೂ ಪೂರ್ವದೇಶದ ದೊಡ್ಡ ಕೋಳಿಗಳು ಬಂದಿದ್ದವು. ರಾಣಿ ಸಾಕಿದ ಮೇಲೆ ಕೇಳಬೇಕಾ, ಎಲ್ಲರಿಗೂ ಬೇಕಾಯಿತು. 1849ರಲ್ಲಿ ಬಾಸ್ಟನ್ನಿನಲ್ಲಿ ಕೋಳಿ ಪ್ರದರ್ಶನ ನಡೆದಾಗ ಜನ ಮುಗಿಬಿದ್ದು ನೋಡಿದರು. ಒಂದು ಜೋಡಿಗೆ ಬಾಯಿಗೆ ಬಂದ ರೇಟು ಹೇಳುವ ಕಾಲ ಅದು, ಆ ಹುಚ್ಚಿಗೆ ಕೋಳಿ ಜ್ವರ ಅಂತಲೇ ಹೆಸರು ಬಿದ್ದಿತ್ತು. ಜ್ವರ ಕೆಲವೇ ವರ್ಷಕ್ಕೆ ಇಳಿಯಿತು. ದುಡ್ಡಿಗೆ ಬಂದವರು ಹೋದರು, ಕೋಳಿ ಮೇಲೆ ಪ್ರೀತಿ ಇದ್ದವರು ಉಳಿದರು. 1874ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ತಳಿಗಳ ಲಕ್ಷಣ ಬರೆದಿಟ್ಟ ಮೊದಲ ಪುಸ್ತಕದಲ್ಲೇ ಕೊಚಿನ್ ಇತ್ತು. ಬಫ್ ಆರ್ಪಿಂಗ್ಟನ್ ಅಂತ ಹೊಂಬಣ್ಣದ ಕೋಳಿ ಇದೆಯಲ್ಲ, ಅದರಲ್ಲೂ ಕೊಚಿನ್ ರಕ್ತ ಇದೆ.

ಇತಿಹಾಸ ಇಷ್ಟು ಸಾಕು. ನಾನು ಹೇಳಬೇಕೆಂದು ಬಂದ ಮಾತು ಬೇರೆ. ದೊಡ್ಡ ಕೊಚಿನ್‌ನ ಗಾತ್ರ ತಿನ್ನಿಸಿದರೆ ಬರುವುದಿಲ್ಲ. ಪ್ರತಿ ವರ್ಷ ಆರಿಸಿ ಆರಿಸಿ ಉಳಿಸಿಕೊಳ್ಳಬೇಕು. ಸಾಕುವವರು ಎರಡು ಮೂರು ತಲೆಮಾರು ಮೈಮರೆತರೆ ಸಾಕು, ಕೋಳಿ ಸಣ್ಣದಾಗುತ್ತಾ ಬರುತ್ತದೆ. ಗರಿ ಮಾತ್ರ ಹಾಗೇ ಇರುತ್ತದೆ. ಅದರಿಂದಲೇ ಮೋಸ ಆಗುವುದು. ದೂರದಿಂದ ನೋಡಿದರೆ ಭಾರಿ ಕೋಳಿ, ಎತ್ತಿಕೊಂಡರೆ ಕೈಯಲ್ಲಿ ಏನೂ ಇಲ್ಲ, ಬರೀ ಪುಕ್ಕ.

ಆದ್ದರಿಂದ ಕೊಚಿನ್ ಕೋಳಿಯನ್ನು ಕಣ್ಣಿನಿಂದ ನೋಡಿ ಆರಿಸಬೇಡಿ, ಕೈಯಿಂದ ಆರಿಸಿ. ಗರಿಯೊಳಗೆ ಬೆರಳು ಹಾಕಿ ಬೆನ್ನು ಎಷ್ಟು ಅಗಲ ಇದೆ ಅಂತ ಮುಟ್ಟಿ ನೋಡಿ. ಎದೆಮೂಳೆ ನೆಟ್ಟಗಿದೆಯಾ, ತೊಡೆ ದಪ್ಪ ಇದೆಯಾ, ಎರಡು ಕಾಲಿನ ನಡುವೆ ಜಾಗ ಇದೆಯಾ ನೋಡಿ. ಆಮೇಲೆ ತಕ್ಕಡಿಗೆ ಹಾಕಿ. ತೂಕ ಬರೆದಿಡಿ. ಮುಂದಿನ ವರ್ಷ ಮರಿಗಳ ತೂಕ ಬರೆಯುವಾಗ ಆ ಪುಸ್ತಕ ತೆಗೆದು ನೋಡಿದರೆ, ನಿಮ್ಮ ಮಂದೆ ಮೇಲೆ ಹೋಗುತ್ತಿದೆಯಾ ಕೆಳಗಿಳಿಯುತ್ತಿದೆಯಾ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಹುಂಜ ಒಳ್ಳೆಯದಿದ್ದರೆ ಸಾಕು, ಹೇಂಟೆ ಹೇಗಿದ್ದರೂ ನಡೆಯುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಗಾತ್ರ ಬೇಕಾದರೆ ಮೊದಲು ಹೇಂಟೆ ದೊಡ್ಡದಿರಬೇಕು.

ಇನ್ನೊಂದು, ಅವಸರ ಬೇಡ. ಕೊಚಿನ್ ನಿಧಾನಕ್ಕೆ ಬೆಳೆಯುವ ಕೋಳಿ. ಹುಂಜಮರಿಗಳಂತೂ ಮೂರು ನಾಲ್ಕು ತಿಂಗಳಲ್ಲಿ ಬೆನ್ನ ಮೇಲೆ ಗರಿಯಿಲ್ಲದೆ, ಉದ್ದ ಕಾಲು ಬಿಟ್ಟುಕೊಂಡು, ನೋಡಿದರೆ ಅಯ್ಯೋ ಅನ್ನಿಸುವ ಹಾಗಿರುತ್ತವೆ. ಆ ಹೊತ್ತಿಗೆ ಬೇಡ ಅಂತ ಮಾರಿದರೆ ಎಷ್ಟೋ ಸಲ ಒಳ್ಳೆಯ ಹುಂಜವೇ ಕೈಬಿಟ್ಟು ಹೋಗುತ್ತದೆ, ಯಾಕೆಂದರೆ ಬೇಗ ಚಂದ ಆಗುವ ಮರಿ ಹೆಚ್ಚಾಗಿ ಬೇಗ ನಿಂತುಬಿಡುತ್ತದೆ, ನಿಧಾನಕ್ಕೆ ಎಲುಬು ಕಟ್ಟುವ ಮರಿ ಕೊನೆಗೆ ಅದನ್ನು ಮೀರಿಸುತ್ತದೆ. ಹೇಂಟೆ ಮೊಟ್ಟೆ ಶುರು ಮಾಡುವುದಕ್ಕೇ ಏಳೆಂಟು ತಿಂಗಳು ಬೇಕು. ಪೂರ್ತಿ ಮೈ ತುಂಬುವುದು ಎರಡನೇ ವರ್ಷಕ್ಕೆ. ಕೊಕ್ಕು ಸೊಟ್ಟ ಇರುವುದು, ಬೆರಳು ಸೊಟ್ಟ ಇರುವುದು, ಇಂಥವನ್ನು ಮಾತ್ರ ಚಿಕ್ಕಂದಿನಲ್ಲೇ ಬೇರೆ ಮಾಡಿ. ಹುಟ್ಟಿದ ದಿನವೇ ನೋಡಬೇಕಾದ್ದು ಒಂದಿದೆ, ನಡು ಬೆರಳು. ಅದರ ಮೇಲೆ ನುಣುಪಾದ ತುಪ್ಪಳ ಇಲ್ಲದೆ ಬೋಳಾಗಿದ್ದರೆ ಮುಂದೆ ಅಲ್ಲಿ ಗರಿ ಬರುವುದು ಕಷ್ಟ.

ಈಗ ಮರಿ ಮಾಡಿಸುವ ವಿಷಯ. ಕೊಚಿನ್ ಸಾಕುವವರು ಹೆಚ್ಚಾಗಿ ಹೇಳುವ ದೂರು, ಮೊಟ್ಟೆ ಇಟ್ಟೆ, ಒಂದೂ ಮರಿ ಬರಲಿಲ್ಲ ಅಂತ. ಹುಂಜದಲ್ಲಿ ಏನೋ ದೋಷ ಅಂದುಕೊಳ್ಳುತ್ತಾರೆ. ಬಹಳ ಸಲ ತೊಂದರೆ ಗರಿಯದು. ಹಿಂಭಾಗದಲ್ಲಿ ಅಷ್ಟು ದಟ್ಟ ಪುಕ್ಕ ಇದ್ದರೆ ಹುಂಜ ಹೇಂಟೆ ಕೂಡಿದರೂ ಬೀಜ ಸೇರುವುದಿಲ್ಲ. ಮೊಟ್ಟೆ ಬರುವ ದ್ವಾರದ ಸುತ್ತ ಇರುವ ಗರಿಯನ್ನು ಕತ್ತರಿಯಿಂದ ಗಿಡ್ಡ ಮಾಡಿ, ಹೇಂಟೆಗೂ ಹುಂಜಕ್ಕೂ. ಕಿತ್ತರೆ ಮತ್ತೆ ಹುಟ್ಟುತ್ತದೆ, ಕತ್ತರಿಸಿದರೆ ಮುಂದಿನ ಸಲ ಗರಿ ಉದುರಿಸುವವರೆಗೂ ಹಾಗೇ ಇರುತ್ತದೆ. ಬೊಜ್ಜು ಬಂದ ಹುಂಜ ಸೋಮಾರಿಯಾಗುತ್ತದೆ, ಅದನ್ನೂ ನೋಡಿಕೊಳ್ಳಿ. ಕೊಚಿನ್ ಮೊದಲೇ ಓಡಾಟ ಕಮ್ಮಿ ಮಾಡುವ ಕೋಳಿ, ಜೋಳದ ಕಾಳನ್ನೇ ಸುರಿದರೆ ಕೊಬ್ಬು ಕಟ್ಟುತ್ತದೆ. ಒಂದು ಹುಂಜಕ್ಕೆ ನಾಲ್ಕೈದು ಹೇಂಟೆ ಸಾಕು. ಹುಂಜ ಬದಲಾಯಿಸಿದರೆ ಮೂರು ವಾರ ಬಿಟ್ಟು ಮೊಟ್ಟೆ ಕೂಡಿಡಿ, ಯಾಕೆಂದರೆ ಹಳೆಯ ಹುಂಜದ ಬೀಜ ಹೇಂಟೆಯ ಮೈಯಲ್ಲಿ ಅಷ್ಟು ದಿನ ಉಳಿದಿರುತ್ತದೆ.

ಕಾವು ಕೊಡುವುದಕ್ಕೆ ಕೊಚಿನ್ ಹೇಂಟೆಗೆ ಸಾಟಿ ಇಲ್ಲ. ಹೇಳುವ ಮೊದಲೇ ಕಾವಿಗೆ ಕೂತಿರುತ್ತದೆ. ಬೇರೆ ಕೋಳಿಯ ಮೊಟ್ಟೆ ಇಟ್ಟರೂ, ಬಾತುಕೋಳಿ ಮೊಟ್ಟೆ ಇಟ್ಟರೂ ತನ್ನದೇ ಅಂತ ಕೂರುತ್ತದೆ. ಆದರೆ ಮೈ ಭಾರ, ನೆನಪಿರಲಿ. ಗೂಡು ನೆಲದಲ್ಲೇ ಇರಲಿ, ದಪ್ಪಗೆ ಹುಲ್ಲು ಹಾಸಿ. ಎತ್ತರದಿಂದ ಗೂಡಿಗೆ ಹಾರಿದರೆ ಮೊಟ್ಟೆ ಒಡೆಯುತ್ತದೆ. ಕಾಲಿನ ಗರಿಗೆ ಸಿಕ್ಕಿ ಮೊಟ್ಟೆ ಹೊರಗೆ ಉರುಳುವುದೂ ಇದೆ, ಆಗಷ್ಟೇ ಹುಟ್ಟಿದ ಮರಿ ಅದರ ಕಾಲಡಿ ಸಿಕ್ಕುವುದೂ ಇದೆ. ಜಾಸ್ತಿ ಮರಿ ಬೇಕಾದರೆ ಇನ್‌ಕ್ಯುಬೇಟರ್ ಒಳ್ಳೆಯದು. ಫ್ಯಾನ್ ಇರುವ ಇನ್‌ಕ್ಯುಬೇಟರ್‌ನಲ್ಲಿ 37.5 ಡಿಗ್ರಿ ಶಾಖ, 21 ದಿನ. 18ನೇ ದಿನ ತಿರುಗಿಸುವುದು ನಿಲ್ಲಿಸಿ, ತೇವ ಜಾಸ್ತಿ ಮಾಡಿ, ಮುಚ್ಚಳ ತೆಗೆಯಬೇಡಿ. ಮೊಟ್ಟೆ ಕೂಡಿಡುವುದಾದರೆ ತಂಪು ಜಾಗದಲ್ಲಿ ಒಂದು ವಾರದೊಳಗೆ. ಅದಕ್ಕಿಂತ ಹಳೆಯದಾದಷ್ಟೂ ಮರಿ ಕಮ್ಮಿ.

ಮರಿಗಳಿಗೆ ಸ್ಟಾರ್ಟರ್ ಆಹಾರದಲ್ಲಿ ನೂರಕ್ಕೆ 20ರಷ್ಟು ಪ್ರೋಟೀನ್ ಇರಲಿ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗೆ ಹಾಕಬೇಡಿ, ಅದರಲ್ಲಿ ಸುಣ್ಣದ ಅಂಶ ಜಾಸ್ತಿ, ಮೂತ್ರಪಿಂಡಕ್ಕೆ ಕೆಟ್ಟದ್ದು. ಬೋಳು ಕಾಲಿನ ಜಾತಿಯ ಮರಿಗಳ ಜೊತೆ ಕೊಚಿನ್ ಮರಿ ಬಿಟ್ಟರೆ ಅವು ಇದರ ಕಾಲಿನ ಗರಿ ಕುಕ್ಕುತ್ತವೆ. ಹೊಸ ಗರಿಯ ದಂಟಿನಲ್ಲಿ ರಕ್ತ ಇರುತ್ತದೆ. ಒಂದು ಸಲ ರಕ್ತ ಕಂಡರೆ ಎಲ್ಲವೂ ಸೇರಿ ಕುಕ್ಕುತ್ತವೆ. ಕೂಡಲೇ ಬೇರೆ ಮಾಡಿ, ಗಾಯಕ್ಕೆ ಕಾರ್ನ್ ಫ್ಲೋರ್ ಒತ್ತಿದರೆ ರಕ್ತ ನಿಲ್ಲುತ್ತದೆ.

ಬಣ್ಣದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಎಲ್ಲ ಬಣ್ಣ ಹೇಳುವುದಿಲ್ಲ. ನೀಲಿ ಕೊಚಿನ್ ತುಂಬಾ ಜನಕ್ಕೆ ಇಷ್ಟ. ನೀಲಿ ಅಂದರೆ ಬೂದಿ ಬಣ್ಣ. ನೀಲಿಗೆ ನೀಲಿ ಬಿಟ್ಟರೆ ಎಲ್ಲ ಮರಿ ನೀಲಿ ಆಗುವುದಿಲ್ಲ. ಅರ್ಧದಷ್ಟು ನೀಲಿ, ಕಾಲುಭಾಗ ಕಪ್ಪು, ಇನ್ನು ಕಾಲುಭಾಗ ಸ್ಪ್ಲಾಷ್, ಅಂದರೆ ಬೆಳ್ಳಗಿನ ಮೈಮೇಲೆ ಬೂದಿ ಚುಕ್ಕಿ. ಕಪ್ಪಿಗೆ ಸ್ಪ್ಲಾಷ್ ಬಿಟ್ಟರೆ ಎಲ್ಲವೂ ನೀಲಿ. ಇದು ತಿಳಿದಿದ್ದರೆ ಸ್ಪ್ಲಾಷ್ ಮರಿಯನ್ನು ಕೆಟ್ಟ ಮರಿ ಅಂತ ಕೊಟ್ಟುಬಿಡುವುದಿಲ್ಲ. ಮೊದಲ ಸಲ ಸಾಕುವವರಿಗೆ ನಾನು ಕಪ್ಪನ್ನೇ ಹೇಳುವುದು. ಬಣ್ಣದ ತಲೆಬಿಸಿ ಕಮ್ಮಿ, ಗಾತ್ರದ ಮೇಲೆ ಪೂರ್ತಿ ಗಮನ ಕೊಡಬಹುದು.

ಮನೆ ಕಟ್ಟುವುದು ಸುಲಭ. ಹಾರುವುದಿಲ್ಲ, ಮೂರು ಅಡಿ ಬೇಲಿ ಇವನ್ನು ತಡೆಯುತ್ತದೆ. ಆದರೆ ರಕೂನ್, ನರಿ, ನಾಯಿ ಒಳಗೆ ಬರುವುದನ್ನು ತಡೆಯುವುದಿಲ್ಲ, ರಾತ್ರಿ ಭದ್ರವಾಗಿ ಮುಚ್ಚಲೇಬೇಕು. ಕೂರುವ ಹಲಗೆ ಅಗಲವಾಗಿರಲಿ, ನೆಲದಿಂದ ಒಂದಡಿ ಸಾಕು. ಎತ್ತರ ಇಟ್ಟರೆ ಬೆಳಿಗ್ಗೆ ಧುಮುಕಿ ಅಂಗಾಲಿಗೆ ಪೆಟ್ಟಾಗುತ್ತದೆ, ಒಳಗೆ ಕೀವು ಕಟ್ಟುತ್ತದೆ. ಒಟ್ಟಿನಲ್ಲಿ ಈ ಕೋಳಿಯ ಶತ್ರು ಕೆಸರು. ಕಾಲಿನ ಗರಿಗೆ ಕೆಸರು ಮೆತ್ತಿ ಉಂಡೆ ಕಟ್ಟಿ, ಇಲ್ಲಿನ ಜನವರಿ ಚಳಿಯಲ್ಲಿ ಹೆಪ್ಪುಗಟ್ಟಿದರೆ ಬೆರಳೇ ಹೋಗಬಹುದು. ಒಣ ಮರದ ಹೊಟ್ಟು ಹಾಕಿ, ನೀರಿನ ಪಾತ್ರೆಯ ಸುತ್ತ ಒದ್ದೆಯಾಗದ ಹಾಗೆ ನೋಡಿಕೊಳ್ಳಿ. ಗರಿಯ ಕೆಳಗೆ ಹೇನು ಬಂದರೂ ಕಾಣುವುದಿಲ್ಲ, ವಾರಕ್ಕೊಮ್ಮೆ ಎತ್ತಿ ಪುಕ್ಕ ಬಿಡಿಸಿ ನೋಡಬೇಕು. ಕಾಲಿನ ಪೊರೆ ಎದ್ದು ಒರಟಾಗಿದ್ದರೆ ಅದು ನುಸಿ. ಅಡುಗೆ ಎಣ್ಣೆಯೋ ವ್ಯಾಸಲೀನೋ ಚೆನ್ನಾಗಿ ಸವರುತ್ತಾ ಬಂದರೆ ಉಸಿರುಗಟ್ಟಿ ಸಾಯುತ್ತದೆ, ಆದರೆ ವಾರಗಟ್ಟಲೆ ಬಿಡದೆ ಮಾಡಬೇಕು.

2022ರಿಂದ ಇಲ್ಲಿ ಹಕ್ಕಿಜ್ವರ ಮತ್ತೆ ಮತ್ತೆ ಬರುತ್ತಿದೆ, ಎಷ್ಟೋ ರಾಜ್ಯಗಳಲ್ಲಿ ಕೋಳಿ ಪ್ರದರ್ಶನಗಳನ್ನೇ ನಿಲ್ಲಿಸಿದ್ದರು. ಹೊರಗಿನಿಂದ ತಂದ ಕೋಳಿಯನ್ನು ಒಂದು ತಿಂಗಳು ಬೇರೆ ಇಡಿ, ಕಾಡು ಬಾತುಗಳು ಬರುವ ಕೆರೆ ಹತ್ತಿರ ಬಿಡಬೇಡಿ.

ಕರ್ನಾಟಕದಲ್ಲಿ ಕೇಳುತ್ತಿರುವವರಿಗೆ ಒಂದು ಮಾತು. ಅಲ್ಲಿ ಅಲಂಕಾರದ ಕೋಳಿ ಮಾರುವವರ ಬಳಿ ಕೊಚಿನ್ ಅಂತ ಸಿಗುವುದು ಹೆಚ್ಚಾಗಿ ಬ್ಯಾಂಟಮ್, ಅಂದರೆ ಒಂದು ಕಿಲೋದ ಪುಟ್ಟ ಕೋಳಿ. ಅದೂ ಮುದ್ದಾದ ಕೋಳಿಯೇ, ಆದರೆ ದೊಡ್ಡದರ ಮರಿ ಅಂತ ನಂಬಿ ದುಡ್ಡು ಕೊಡಬೇಡಿ. ತಾಯಿ ತಂದೆ ಕೋಳಿ ತೋರಿಸಿ ಅನ್ನಿ, ತೂಗಿ ನೋಡಿ. ಇಷ್ಟು ಗರಿ ಹೊತ್ತ ಕೋಳಿಗೆ ರಾಯಚೂರು, ಕಲಬುರಗಿಯ ಬೇಸಿಗೆ ಬಹಳ ಕಷ್ಟ. ಮಲೆನಾಡಿನಲ್ಲಿ ತಂಪಿದೆ, ಆದರೆ ಮಳೆಗಾಲದ ಕೆಸರಿದೆ, ಅಲ್ಲಿ ಮಾಡು ಹಾಕಿದ ಒಣ ಅಂಗಳ ಇಲ್ಲದೆ ಸಾಕಬಾರದು.

ಅಮೆರಿಕದಲ್ಲಿ ಇರುವವರು ಶುರು ಮಾಡುವುದಾದರೆ ಅಂಚೆಯಲ್ಲಿ ಬರುವ ಹ್ಯಾಚರಿ ಮರಿಗಿಂತ, ಪ್ರದರ್ಶನಕ್ಕೆಂದೇ ಸಾಕುವವರಿಂದ ಒಂದು ಹುಂಜ ಎರಡು ಹೇಂಟೆ ತನ್ನಿ. ಹ್ಯಾಚರಿಯವರು ಸಂಖ್ಯೆಗೆ ಮರಿ ಮಾಡುತ್ತಾರೆ, ಗಾತ್ರಕ್ಕೆ ಆರಿಸುವುದು ಕಮ್ಮಿ. ಕೊಚಿನ್ಸ್ ಇಂಟರ್‌ನ್ಯಾಷನಲ್ ಅಂತ ಈ ತಳಿಗೇ ಒಂದು ಕ್ಲಬ್ ಇದೆ, ಅಲ್ಲಿ ಕೇಳಿದರೆ ಹತ್ತಿರದವರು ಯಾರು ಅಂತ ಗೊತ್ತಾಗುತ್ತದೆ. ಒಳ್ಳೆಯ ಸಮಯ ಅಕ್ಟೋಬರ್, ನವೆಂಬರ್. ಚಳಿಗಾಲಕ್ಕೆ ಮೊದಲು ಎಲ್ಲರೂ ಕೋಳಿ ಕಮ್ಮಿ ಮಾಡುತ್ತಿರುತ್ತಾರೆ. ಆಗ ಹೋಗಿ, ಎರಡನೇ ವರ್ಷದ ಹೇಂಟೆ ಕೇಳಿ. ಮರಿಗಿಂತ ರೇಟು ಸ್ವಲ್ಪ ಜಾಸ್ತಿ ಇರಬಹುದು, ಆದರೆ ಅದು ಎಷ್ಟು ದೊಡ್ಡದಾಗುತ್ತದೆ ಅಂತ ಊಹೆ ಮಾಡಬೇಕಾಗಿಲ್ಲ. ನಮಸ್ಕಾರ.