ಕತ್ತಿಯ ತೂಕ ಕೇಳುವ ಓದುಗರು

ಎಲ್ಲರಿಗೂ ನಮಸ್ಕಾರ.

ಸತ್ತ ಯೋಧನೊಬ್ಬ ಹಳೆಯ ನೆನಪಿನ ಸಮೇತ ಹೆಣ್ಣುಮಗುವಾಗಿ ಹುಟ್ಟಿ, ನೈಟ್ (ಮಧ್ಯಯುಗದ ಯುರೋಪಿನ ಕವಚಧಾರಿ ಕುದುರೆಯೋಧ) ಆಗಲು ಹೊರಡುತ್ತಾನೆ. ಜಪಾನಿನ ಪುನರ್ಜನ್ಮದ ಫ್ಯಾಂಟಸಿಯಲ್ಲಿ ಇದು ಸವೆದ ದಾರಿ. ‘ಹೊರಡುತ್ತಾನೆ’ ಅಂದೆ, ‘ಹೊರಡುತ್ತಾಳೆ’ ಅನ್ನಬೇಕಿತ್ತೋ ಏನೋ. ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ಕಥೆಗಳು ಬಹಳಷ್ಟು ಬೆಳೆದದ್ದು 2004ರಲ್ಲಿ ಶುರುವಾದ ‘ಶೋಸೆತ್ಸುಕಾ ನಿ ನಾರೋ’ ಜಾಲತಾಣದಲ್ಲಿ, ಕಂತುಕಂತಾಗಿ. ಓದುಗ ಬುಕ್‌ಮಾರ್ಕ್ ಮಾಡಿದರೆ ಕಥೆಗೆ 2 ಅಂಕ, ಐದೂ ನಕ್ಷತ್ರ ಕೊಟ್ಟರೆ 10. ಒಬ್ಬರಿಂದ ಹೆಚ್ಚೆಂದರೆ 12. ಬುಕ್‌ಮಾರ್ಕ್ ತೆಗೆದರೆ 2 ಅಂಕ ಹೋಯಿತು. ಉದ್ದಕ್ಕೆ ಬೈದು ಬರೆಯುವ ಓದುಗ ಇನ್ನೂ ಓದುತ್ತಿದ್ದಾನೆ ಅಂತಲೇ ಅರ್ಥ. ಲೇಖಕರು ಹೆದರಬೇಕಾದದ್ದು ಸದ್ದಿಲ್ಲದೆ ಎದ್ದುಹೋದವರಿಗೆ.

ಈ ಓದುಗರು ಡ್ರ್ಯಾಗನ್ ಬಗ್ಗೆ ತಕರಾರು ತೆಗೆಯುವುದಿಲ್ಲ. ಎಂಟು ವರ್ಷದ ಹುಡುಗಿ ಹತ್ತು ಕಿಲೋ ಕತ್ತಿ ಬೀಸಿದಳು ಅಂದರೆ ಮಾತ್ರ ಬಿಡುವುದಿಲ್ಲ. ಯುರೋಪಿನ ಎರಡು ಕೈಯ ಉದ್ದ ಕತ್ತಿಯೇ ಸುಮಾರು ಒಂದೂವರೆ ಕಿಲೋ. ಪೂರ್ತಿ ಉಕ್ಕಿನ ಕವಚ 15ರಿಂದ 25 ಕಿಲೋ. ತುಂಡುತುಂಡಾಗಿ ಕಟ್ಟುವುದರಿಂದ ಭಾರ ಮೈತುಂಬ ಹಂಚಿಹೋಗುತ್ತದೆ. ನಿಜವಾದ ತೊಡಕು ಬೇರೆ: ಕವಚವನ್ನು ಮೈ ಅಳತೆಗೆ ಮಾಡಬೇಕು, ಹುಡುಗಿ ಬೆಳೆಯುತ್ತಲೇ ಇರುತ್ತಾಳೆ. ಹೊಸದು ಮಾಡಿಸುವ ಖರ್ಚು ಯಾರದು? ಒಂದು ಅಧ್ಯಾಯಕ್ಕಾಗುವ ಜಗಳ ಅಲ್ಲಿದೆ, ಬರೆಯುವವರು ಕಡಿಮೆ. ಚಿತ್ರಕಾರರು ಎದೆಯ ಆಕಾರಕ್ಕೆ ತಕ್ಕಂತೆ ಬಿಡಿಸುವ ಕವಚವಂತೂ ಅಪಾಯದ್ದು. ನಡುವಿನ ತಗ್ಗು ಕತ್ತಿಯ ಮೊನೆಯನ್ನು ಎದೆಮೂಳೆಗೇ ಜಾರಿಸಿ ತರುತ್ತದೆ.

ನೈಟ್ ತರಬೇತಿ ಏಳು ವರ್ಷದ ಆಸುಪಾಸಿನಲ್ಲಿ ಪೇಜ್ (ಸೇವೆಯ ಹುಡುಗ), ಹದಿನಾಲ್ಕಕ್ಕೆ ಸ್ಕ್ವೈರ್ (ನೈಟ್‌ನ ಸಹಾಯಕ), ಇಪ್ಪತ್ತೊಂದರ ಹೊತ್ತಿಗೆ ನೈಟ್ ಎಂದು ಸಾಗುತ್ತಿತ್ತು. ಕುದುರೆ ಉಜ್ಜುವುದು, ಸರಪಳಿ ಅಂಗಿಯನ್ನು ಮರಳಿನ ಜೊತೆ ಪೀಪಾಯಿಗೆ ಹಾಕಿ ಉರುಳಿಸಿ ತುಕ್ಕು ತೆಗೆಯುವುದು—ಇವನ್ನು ಹಾರಿಸಿದ ಕಥೆಗೇ ಮೂವತ್ತನೇ ಕಂತಿನಲ್ಲಿ ‘ಇವಳು ಸೋಲುವುದೇ ಇಲ್ಲವಾ?’ ಎಂಬ ದೂರು ಬರುತ್ತದೆ. ದೂರು ಬಂದ ಕಂತನ್ನು ತಿದ್ದಿ ಪ್ರಯೋಜನವಿಲ್ಲ. ಶಕ್ತಿ ಮೊದಲು ಕಾಣಿಸಿದ ಕಂತಿಗೆ ಹೋಗಿ: ಅಲ್ಲಿ ಅವಳಿಗೆ ಏನು ನೋವಾಯಿತು, ಎಷ್ಟು ದಿನ ಮಲಗಿದಳು? ಉತ್ತರ ಇಲ್ಲದಿದ್ದರೆ ತಪ್ಪು ಅಲ್ಲಿದೆ. ನೆನಪಿಗೆ ಹೊಡೆತ ಗೊತ್ತು, ಎಳೆಯ ಮಣಿಕಟ್ಟಿಗೆ ಗೊತ್ತಿಲ್ಲ.

ನೆನಪನ್ನು ದುಡಿಸುವುದು ಹೇಗೆ ಅಂತ ಕನ್ನಡದವರಿಗೆ ಹೊಸದಾಗಿ ಹೇಳಬೇಕಿಲ್ಲ. ಪಂಪನ ಆದಿಪುರಾಣದಲ್ಲಿ ಶ್ರೀಮತಿಗೆ ಹಿಂದಿನ ಜನ್ಮ ನೆನಪಾದಾಗ ಅವಳು ಅದನ್ನು ಪಟದಲ್ಲಿ ಚಿತ್ರಿಸುತ್ತಾಳೆ. ದಾದಿ ಪಂಡಿತೆ ಅದನ್ನು ಜಿನಾಲಯದಲ್ಲಿಟ್ಟು, ಗುರುತು ಹಿಡಿಯುವವನಿಗಾಗಿ ಕಾಯುತ್ತಾಳೆ. ನೆನಪೇ ಕಥೆಯನ್ನು ಎಳೆಯುತ್ತದೆ. ಎಷ್ಟೋ ಹೊಸ ಕಥೆಗಳಲ್ಲಿ ಅದು ಮೂರನೇ ಕಂತಿಗೇ ಮಾಯ, ಓದುಗರೂ ಅದನ್ನೇ ಕೇಳುತ್ತಾರೆ.

ಇನ್ನು ‘ಹೊರಡುತ್ತಾನೆ’. ಜಪಾನಿ ಭಾಷೆಯಲ್ಲಿ ಕರ್ತೃಪದ ಬಿಟ್ಟರೂ ನಡೆಯುತ್ತದೆ, ಕ್ರಿಯಾಪದಕ್ಕೆ ಲಿಂಗವಿಲ್ಲ. ಮುದುಕ ಯೋಧನೂ ಹುಡುಗಿಯೂ ಒಂದೇ ವಾಕ್ಯದಲ್ಲಿ ಉಸಿರಾಡಬಹುದು. ಕನ್ನಡದ ‘ಎತ್ತಿದಳು’ ಅಷ್ಟರಲ್ಲೇ ತೀರ್ಪು ಕೊಟ್ಟುಬಿಡುತ್ತದೆ. ಕನ್ನಡಕ್ಕೆ ತರುವವರಿಗೆ ಇರುವ ಸಲೀಸು ದಾರಿ ಉತ್ತಮ ಪುರುಷ: ‘ನಾನು ಕತ್ತಿ ಎತ್ತಿದೆ.’