ಪಕ್ಕದ ಗುಂಪು ಎಲ್ಲಿದೆ?

(ಶಿರಸಿಯಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಕಾರ್ಯಾಗಾರದಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಬೊಜ್ಜು ಜಾಸ್ತಿಯಾಗುತ್ತಿದೆ ಅನ್ನುವುದು ನಿಮಗೆ ಗೊತ್ತೇ ಇದೆ. ಅದರ ಬಗ್ಗೆ ಸಂಶೋಧನೆ ಮಾಡುವವರಿಗೆ ಗಣಿತ ಯಾಕೆ ಬೇಕು, ಅದನ್ನಷ್ಟೇ ಹೇಳುತ್ತೇನೆ. ನಮ್ಮ ಕಾಡಿನ ಹುಳಿ ಹಣ್ಣು ಉಪ್ಪಾಗೆಯಿಂದಲೇ ಶುರು ಮಾಡೋಣ.

ಉಪ್ಪಾಗೆ ತುಪ್ಪ ಹಾಕಿದ ದೋಸೆ ತಿಂದವರು ಇಲ್ಲಿ ಬಹಳ ಜನ ಇದ್ದೀರಿ, ಅಲ್ವಾ? ತೊಂಬತ್ತರ ದಶಕದಲ್ಲಿ ಅದರ ಸಿಪ್ಪೆಗೆ ಎಲ್ಲಿಲ್ಲದ ಬೇಡಿಕೆ ಬಂತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಸುಟ್ಟರು. ಹಣ್ಣಿನ ಆಸೆಗೆ ಕೊಂಬೆಗಳನ್ನೇ ಕಡಿದರು. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಅಂತ ಹೊರದೇಶಗಳಲ್ಲಿ ಮಾತ್ರೆ ಮಾರಾಟವಾಗುತ್ತಿತ್ತು. ನಮ್ಮ ಕಾಡಿಗೆ ಪೆಟ್ಟು ಬಿದ್ದಿದ್ದು ಆ ಮಾತ್ರೆಗಾಗಿ.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ ಜಾಮಾದಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಬಂತು. 135 ಜನ, 12 ವಾರ. ಎಲ್ಲರಿಗೂ ಒಂದೇ ಪಥ್ಯ. ಯಾರು ಯಾವ ಗುಂಪಿಗೆ ಅನ್ನುವುದನ್ನು ಅದೃಷ್ಟಕ್ಕೇ ಬಿಟ್ಟರು. ಒಂದು ಗುಂಪಿಗೆ ಉಪ್ಪಾಗೆ ಜಾತಿಯ ಹಣ್ಣಿನ ಸತ್ವ, ಇನ್ನೊಂದಕ್ಕೆ ಸತ್ವವೇ ಇಲ್ಲದ ಹುಸಿ ಮಾತ್ರೆ. ಸತ್ವ ತಿಂದವರು ಸರಾಸರಿ 3.2 ಕಿಲೋ ಇಳಿದರು. ಇಷ್ಟನ್ನೇ ಕೇಳಿದರೆ ನೀವೂ ಮಾತ್ರೆ ಕೊಳ್ಳುತ್ತೀರಿ. ಹುಸಿ ಮಾತ್ರೆಯವರು ಎಷ್ಟು ಇಳಿದರು ಗೊತ್ತಾ? 4.1 ಕಿಲೋ! ಆ ಅಂತರವೂ ಆಕಸ್ಮಿಕ ಅನ್ನಬಹುದಾದಷ್ಟೇ. ತೂಕ ಇಳಿದಿದ್ದು ನಿಜ. ಅದು ಸತ್ವದಿಂದ ಅನ್ನಲು ಮಾತ್ರ ಆಧಾರ ಸಿಗಲಿಲ್ಲ.

ಅದಕ್ಕೇ ನಾನು ಯಾವ ಪ್ರಬಂಧ ಓದಿದರೂ ಮೊದಲು ಕೇಳುವುದು, ಪಕ್ಕದ ಗುಂಪು, ಅಂದರೆ ಹೋಲಿಸಲು ಇಟ್ಟ ಗುಂಪು, ಎಲ್ಲಿದೆ? ತೂಕ ಇಳಿಸುವ ಶಿಬಿರಕ್ಕೆ ಬಂದವರ ತೂಕ ಇಳಿಯಿತೇ? ಸಂತೋಷ. ಶಿಬಿರಕ್ಕೆ ಬಾರದ ಅಂಥವರದೇ ಗುಂಪು ಎಲ್ಲಿದೆ? ತೀರಾ ಜಾಸ್ತಿ ತೂಕ ಬಂದವರನ್ನಷ್ಟೇ ಆರಿಸಿದರೆ, ಮುಂದಿನ ಅಳತೆಯಲ್ಲಿ ಅವರ ಸರಾಸರಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಸರಾಸರಿಯತ್ತ ಮರಳುವ ಈ ಗುಣವನ್ನು ಇಂಗ್ಲೆಂಡಿನ ವಿಜ್ಞಾನಿ ಗಾಲ್ಟನ್ ಜನರ ಎತ್ತರದ ಅಳತೆಯಲ್ಲಿ 1886ರಲ್ಲೇ ತೋರಿಸಿದ್ದ. ಬೆಳಗಿನ ತಿಂಡಿ ಬಿಟ್ಟರೆ ದಪ್ಪ ಆಗುತ್ತೀರಿ ಅನ್ನುವುದೂ ಹಾಗೆಯೇ. ತಿಂಡಿ ಬಿಡುವವರ ನಿದ್ದೆ, ಕೆಲಸ, ದುಡಿಮೆ ಎಲ್ಲ ಬೇರೆ ಇರಬಹುದು. ಪಕ್ಕದ ಗುಂಪು ಇಡದೆ ಕಾರಣ ಹೇಳಬೇಡಿ.

ಇನ್ನು ಲೆಕ್ಕ. ಒಂದು ಕಿಲೋ ಅಂದರೆ 7,700 ಕ್ಯಾಲೊರಿ ಅಂತ ಎಲ್ಲರೂ ಹೇಳುತ್ತಾರೆ. ದಿನಕ್ಕೆ 100 ಕ್ಯಾಲೊರಿ ಕಡಿಮೆ ತಿಂದರೆ ಆ ಲೆಕ್ಕದಲ್ಲಿ ಹತ್ತು ವರ್ಷಕ್ಕೆ 47 ಕಿಲೋ ಇಳಿಯಬೇಕು. ಯಾರಾದರೂ ಇಳಿದಿದ್ದಾರಾ? ತೂಕ ಇಳಿದ ಹಾಗೆ ದೇಹದ ಖರ್ಚೂ ಇಳಿಯುತ್ತದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಜೊತೆಗಾರರು 2011ರಲ್ಲಿ ಇದಕ್ಕೆ ಸಮೀಕರಣ ಬರೆದರು. ಅದರ ಪ್ರಕಾರ ಒಟ್ಟು ಇಳಿಯುವುದು ಸುಮಾರು 4 ಕಿಲೋ. ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದು ಹೆಚ್ಚುಕಡಿಮೆ ಮೂರು ವರ್ಷದೊಳಗೆ. ಆಮೇಲೆ ನಿಲ್ಲುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಎಷ್ಟು ಜನರಿಗೆ ‘ನೀವು ಪಥ್ಯ ಮುರಿದಿರಿ’ ಅಂತ ಬೈದಿದ್ದೇವೆ! ನನಗೆ ಸಂಕಟವಾಗುವುದು ಅಲ್ಲಿ.

ಚೀಟಿ ಬಂತು, ಐದೇ ನಿಮಿಷ ಇದೆಯಂತೆ. ಶಾಲೆಗಳ ವಿಷಯ ಬೇಗ ಹೇಳುತ್ತೇನೆ. ಅಂಕೋಲಾದ ಒಂದು ಶಾಲೆಯಲ್ಲಿ ಆಟ ಹೆಚ್ಚಿಸಿ, ಕುಮಟಾದ ಒಂದು ಶಾಲೆಯನ್ನು ಹಾಗೇ ಬಿಟ್ಟಿರಿ ಅನ್ನೋಣ. ಮಕ್ಕಳು ನಾನೂರು ಇರಬಹುದು, ಹೋಲಿಸಿದ್ದು ಎರಡೇ ಶಾಲೆ. ವ್ಯತ್ಯಾಸ ಕಂಡರೂ ಅದು ಆಟದಿಂದಲೋ, ಆ ಶಾಲೆಯೇ ಬೇರೆ ಇರುವುದರಿಂದಲೋ ಗೊತ್ತಾಗುವುದಿಲ್ಲ. ಪಕ್ಕದ ಗುಂಪು ಇದ್ದರೂ ಇಲ್ಲಿ ಸಾಲದು, ಶಾಲೆಗಳು ಹೆಚ್ಚಬೇಕು.

ಅಮೆರಿಕದಲ್ಲಿ ಬೊಜ್ಜಿನ ಸಂಶೋಧನೆಗೆ ಬೇಕಾದ ಇಂಥ ಗಣಿತವನ್ನೇ ಕಲಿಸಲು ಕೆಲವೇ ದಿನಗಳ ಕೋರ್ಸ್‌ಗಳನ್ನು ನಡೆಸಿದ್ದಾರೆ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ, ನಮ್ಮ ಊರುಗಳಲ್ಲಿ ಒಳ್ಳೆಯ ಗಣಿತ ಮಾಸ್ತರರು ಇದ್ದಾರೆ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರಲಿ. ಊಟ ಆದ ಮೇಲೆ ನಿಮ್ಮ ನಿಮ್ಮ ಅಂಕಿ ತೆಗೆದಿಡಿ. ಹಾಲ್ ಅವರ ಆ ಸಮೀಕರಣವನ್ನು ಬೋರ್ಡಿನ ಮೇಲೆ ಬಿಡಿಸೋಣ.