ಬದುಕಿರೋ ಆರ್‌ಎಕ್ಸ್ ಕೊಯ್ಯಬೇಡಿ, ಸತ್ತ ಗಾಡಿ ಎಬ್ಬಿಸಿ

ಹೋದ ತಿಂಗಳು ಗಂಗಾವತಿಯಲ್ಲಿ ಗೆಳೆಯನ ಗ್ಯಾರೇಜಿನಲ್ಲಿ ಕೂತಿದ್ದೆ. ಕಾರಟಗಿ ಕಡೆಯ ಹುಡುಗನೊಬ್ಬ ಯಮಹಾ ಆರ್‌ಎಕ್ಸ್ 100 ತಂದು ನಿಲ್ಲಿಸಿದ. ಅವರಪ್ಪ ಓಡಿಸಿದ ಗಾಡಿ. ಆರ್‌ಸಿ ಇದೆ. ಚಾಸಿ ನಂಬರು, ಎಂಜಿನ್ ನಂಬರು ಎರಡೂ ತಾಳೆ ಆಗುತ್ತವೆ. ಅರ್ಧ ಕಿಕ್‌ಗೆ ಸ್ಟಾರ್ಟ್. ಆ ಸದ್ದು ಕೇಳುತ್ತಾ ಕೂತರೆ ಊಟ ಬೇಡ ಅನಿಸುತ್ತದೆ. ಹುಡುಗ ಹೇಳಿದ್ದು ಒಂದೇ ಮಾತು: "ಅಣ್ಣಾ, ಹಿಂದಿನ ಫ್ರೇಮ್ ಕಟ್ ಮಾಡಿ ಡರ್ಟ್ ಬೈಕ್ ಮಾಡಿಕೊಡಿ."

ನನಗೆ ಕರುಳು ಚುರುಕ್ ಅಂತು.

ಇವತ್ತು ಅದೇ ವಿಷಯ ಮಾತಾಡಬೇಕು. ಡರ್ಟ್ ಬೈಕ್, ಅಂದರೆ ಮಣ್ಣು-ಗುಂಡಿಯಲ್ಲಿ ಓಡಿಸೋ ಗಾಡಿ, ಕಟ್ಟಿ. ಟೂ-ಸ್ಟ್ರೋಕ್‌ನಲ್ಲೇ ಕಟ್ಟಿ, ಹಳೇ ಪಾರ್ಟ್‌ಗಳಲ್ಲೇ ಕಟ್ಟಿ. ಆದರೆ ಬದುಕಿರೋ ಗಾಡಿಯನ್ನು ಕೊಯ್ಯಬೇಡಿ. ಸತ್ತು ಬಿದ್ದಿರೋ ಗಾಡಿ ಹುಡುಕಿ. ಹಾಗೆ ಉಳಿಸಿದ ದುಡ್ಡನ್ನು ಕಣ್ಣಿಗೆ ಕಾಣದ ಜಾಗಕ್ಕೆ ಹಾಕಿ. ಎರಡೂ ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಗಿದ್ದು.

ಆರ್‌ಎಕ್ಸ್ 100 ನಮ್ಮಲ್ಲಿಗೆ ಬಂದದ್ದು 1985ರಲ್ಲಿ. 1996ಕ್ಕೆ ತಯಾರಿಕೆ ನಿಂತುಹೋಯಿತು. 98 ಸಿಸಿ, 11 ಎಚ್‌ಪಿ, ತೂಕ ನೂರು ಕೆಜಿ ಆಸುಪಾಸು. ಇನ್ನು ಮುಂದೆ ಒಂದೇ ಒಂದು ಹೊಸದು ಹುಟ್ಟೋದಿಲ್ಲ. ದಾಖಲೆ ಸರಿ ಇರೋ ಒಳ್ಳೆ ಗಾಡಿಗೆ ಈಗ ಲಕ್ಷ ದಾಟಿ ಕೇಳುತ್ತಾರೆ. ಅಂಥದ್ದನ್ನು ಗ್ರೈಂಡರ್ ಬಾಯಿಗೆ ಕೊಟ್ಟು, ಯಾವುದೋ ಪೈಪ್ ಬೆಸುಗೆ ಹಾಕಿ, "ಕಡಿಮೆ ಖರ್ಚಲ್ಲಿ ಕಟ್ಟಿದೆ" ಅಂತ ಹೇಳಿದರೆ ಲೆಕ್ಕ ತಪ್ಪಿದೆ ಅಂತಲೇ ಅರ್ಥ. ಲಕ್ಷದ ಗಾಡಿ ಕೊಟ್ಟು ಮೂವತ್ತು ಸಾವಿರದ ಗಾಡಿ ತಗೊಂಡ ಹಾಗಾಯ್ತು, ಅಲ್ವಾ?

ಹಾಗಾದರೆ ಎಂಜಿನ್ ಎಲ್ಲಿಂದ ತರಬೇಕು? ನಮ್ಮ ಊರುಗಳ ಕಡೆ ಹಾಲಿನ ಕ್ಯಾನ್ ಹೊತ್ತು ತಿರುಗಿದ್ದು ಯಾವ ಗಾಡಿ ಅಂತ ನೆನಪು ಮಾಡಿಕೊಳ್ಳಿ. ಮೊದಲು ರಾಜದೂತ್, ಆಮೇಲೆ ಟಿವಿಎಸ್ ಸುಜುಕಿ ಮ್ಯಾಕ್ಸ್ 100. ಅದೂ 98 ಸಿಸಿ, ಅದೂ ಟೂ-ಸ್ಟ್ರೋಕ್. ಅದರ ಅಣ್ಣತಮ್ಮ ಸಮುರಾಯ್ ಕೂಡ ಅಷ್ಟೇ. ಇವಕ್ಕೆ ಆರ್‌ಎಕ್ಸ್‌ಗೆ ಇರೋ ಹೆಸರಿಲ್ಲ, ಅದಕ್ಕೇ ಬೆಲೆಯೂ ಇಲ್ಲ. ಕನಕಗಿರಿ, ತಾವರಗೇರಾ ಕಡೆ ಹಳ್ಳಿಗಳಲ್ಲಿ ದನದ ಕೊಟ್ಟಿಗೆಯ ಮೂಲೆಯಲ್ಲಿ ನೋಡಿ. ಸೀಟಿನ ಮೇಲೆ ಕೋಳಿ ಕೂತಿರುತ್ತದೆ. ಟೈರು ಮಣ್ಣಲ್ಲಿ ಹೂತಿರುತ್ತದೆ. ಮನೆಯ ಹಿರಿಯರ ಹತ್ತಿರ ಕೂತು, ಒಂದು ಚಹಾ ಕುಡಿದು ಕೇಳಿ. ನನಗೆ ಅಂಥದ್ದೊಂದು ಸತ್ತ ಮ್ಯಾಕ್ಸ್ ಆರ್‌ಸಿ ಸಮೇತ ಹತ್ತು ಸಾವಿರಕ್ಕೆ ಸಿಕ್ಕಿತು.

ಆರ್‌ಸಿ ಸಮೇತ ಅಂದದ್ದು ಗಮನಿಸಿ. ಕಾಗದ ಇಲ್ಲದ ಎಂಜಿನ್ ಎಷ್ಟೇ ಕಡಿಮೆಗೆ ಬಂದರೂ ಮುಟ್ಟಬೇಡಿ. ಇನ್ನೊಬ್ಬನ ಮನೆ ಮುಂದಿನಿಂದ ಕದ್ದ ಗಾಡಿ ಇರಬಹುದು. ನಂಬರ್ ಉಜ್ಜಿದ ಎಂಜಿನ್ ಕೇಸ್ ಕಂಡರೆ ಅಲ್ಲಿಂದ ಎದ್ದು ಬನ್ನಿ. ಬಿಡಿ ಪಾರ್ಟ್ ತಗೊಂಡರೂ ಕೊಟ್ಟವರ ಸಹಿ ಇರೋ ಒಂದು ಚೀಟಿ ಇಟ್ಟುಕೊಳ್ಳಿ.

ಟೂ-ಸ್ಟ್ರೋಕ್ ಯಾಕೆ ಅಂತ ಕೇಳೋರಿಗೆ ನನ್ನ ಉತ್ತರ ಇಷ್ಟೇ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಮೇಲೆ ಇರೋದು ಪಿಸ್ಟನ್, ರಿಂಗ್, ಪಿನ್ನು, ಒಂದು ಪುಟ್ಟ ಬೇರಿಂಗ್. ಹೆಡ್ ಬಿಚ್ಚಿ ಬ್ಲಾಕ್ ಎತ್ತೋಕೆ ಅರ್ಧ ಗಂಟೆ ಸಾಕು. ಹದಿನೆಂಟು ವರ್ಷದ ಹುಡುಗ ಮನೆ ಪಡಸಾಲೆಯಲ್ಲಿ ಕೂತು ಕಲಿಯಬಹುದಾದ ಎಂಜಿನ್ ಇದು. ಪಿಸ್ಟನ್ನಿಗೆ ಕೂಡಿರೋ ಕ್ರ್ಯಾಂಕ್ ದಂಡ ಒಂದು ಸುತ್ತು ತಿರುಗಿದರೆ ಒಂದು ಸಲ ಪವರ್. ಗಾಡಿ ಹಗುರ. ಮಣ್ಣಲ್ಲಿ ಬಿದ್ದರೆ ಒಬ್ಬನೇ ಎತ್ತಬಹುದು.

ಆದರೆ ಈ ಎಂಜಿನ್‌ಗೆ ಒಂದು ಗುಟ್ಟಿದೆ. ಅದು ಗೊತ್ತಿಲ್ಲದೆ ನಾನು ಮೊದಲ ಗಾಡಿ ಕಳಕೊಂಡೆ.

ಆ ಗಾಡಿಗೆ ನಾನು ದುಡ್ಡು ಸುರಿದದ್ದು ಸೈಲೆನ್ಸರಿಗೆ, ದೊಡ್ಡ ಕಾರ್ಬುರೇಟರಿಗೆ. ಒಂಬತ್ತು ಸಾವಿರ. ಕ್ರ್ಯಾಂಕ್‌ನ ಎರಡು ಬದಿಗೆ ಇರೋ ಆಯಿಲ್ ಸೀಲ್ (ಸೋರದಂತೆ ತಡೆಯೋ ರಬ್ಬರ್ ಬಳೆ) ಮಾತ್ರ ಹಳೇದೇ ಬಿಟ್ಟೆ. "ನೋಡೋಕೆ ಚೆನ್ನಾಗೇ ಇದೆ, ಓಡಲಿ" ಅಂತ. ನಾಲ್ಕನೇ ಭಾನುವಾರ, ಮಾವನ ಹೊಲದಲ್ಲಿ, ಮೂರನೇ ಗೇರಿನಲ್ಲಿ ಫುಲ್ ಎಳೆದಾಗ ಹಿಂದಿನ ಚಕ್ರ ಒಮ್ಮೆಲೇ ಲಾಕ್ ಆಯಿತು. ಕ್ಲಚ್ ಹಿಡಿಯೋಕೆ ಕೈ ಹೋಗೋ ಮುಂಚೆ ನಾನು ನೆಲದ ಮೇಲಿದ್ದೆ. ಮಣಿಕಟ್ಟು ಆರು ವಾರ ಪ್ಲಾಸ್ಟರಿನಲ್ಲಿ.

ಬ್ಲಾಕ್ ಎತ್ತಿ ಪಿಸ್ಟನ್ ಕೈಗೆ ತಗೊಂಡಾಗ ಕಂಡದ್ದು ಈಗಲೂ ಕಣ್ಣಲ್ಲಿದೆ. ಎಕ್ಸಾಸ್ಟ್ ಕಡೆಯ ಮೈ ಪೂರ್ತಿ ಉದ್ದುದ್ದ ಗೀರು, ಬೆಕ್ಕು ಪರಚಿದ ಹಾಗೆ. ಅಲ್ಯೂಮಿನಿಯಂ ಕರಗಿ ಹರಡಿ ರಿಂಗನ್ನು ಅದರ ತೋಡಿನಲ್ಲೇ ಮುಚ್ಚಿಬಿಟ್ಟಿತ್ತು. ಉಗುರಿನಿಂದ ಒತ್ತಿದರೆ ರಿಂಗ್ ಅಲುಗಲಿಲ್ಲ. ಪಿಸ್ಟನ್ನಿನ ತಲೆ ಬೆಳ್ಳಗಿತ್ತು, ಸುಣ್ಣ ಬಳಿದಂತೆ. ಸ್ಪಾರ್ಕ್ ಪ್ಲಗ್ಗೂ ಬಿಳಿ. ಪ್ಲಗ್ ಕಾಫಿ ಪುಡಿ ಬಣ್ಣ ಇದ್ದರೆ ಎಂಜಿನ್ ಆರಾಮ. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿ ಇದ್ದರೆ ಗಾಳಿ ಜಾಸ್ತಿ, ಎಂಜಿನ್ ಸುಡುತ್ತಿದೆ.

ಆ ಗಾಳಿ ಎಲ್ಲಿಂದ ಬಂತು? ಕರೆಂಟು ಹುಟ್ಟಿಸೋ ಮ್ಯಾಗ್ನೆಟ್ ಕಡೆಯ ಹಳೇ ಸೀಲಿನಿಂದ. ಟೂ-ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಹೋಗೋದು ಕ್ರ್ಯಾಂಕ್ ಇರೋ ಕೋಣೆಗೆ. ಪಿಸ್ಟನ್ ಮೇಲೆ ಹೋದಾಗ ಆ ಕೋಣೆ ಎಳೆಯುತ್ತದೆ, ಕೆಳಗೆ ಬಂದಾಗ ಒತ್ತುತ್ತದೆ. ಕೋಣೆ ಭದ್ರ ಇಲ್ಲ ಅಂದರೆ ಕಾರ್ಬುರೇಟರ್ ಎಷ್ಟು ಸರಿ ಇದ್ದರೂ ವ್ಯರ್ಥ. ಮ್ಯಾಗ್ನೆಟ್ ಕಡೆ ಸೀಲ್ ಹೋದರೆ ಬರೀ ಗಾಳಿ ಎಳೆದು ಸೀಜ್, ಅಂದರೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುತ್ತದೆ. ಕ್ಲಚ್ ಕಡೆ ಸೀಲ್ ಹೋದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ. ಆ ಸೀಲಿನ ಬೆಲೆ ಕೆಲವೇ ನೂರು ರೂಪಾಯಿ.

ಎರಡನೇ ಗಾಡಿ ಕಟ್ಟುವಾಗ ಅದಕ್ಕೇ ಮೊದಲು ಕ್ರ್ಯಾಂಕಿಗೆ ಕೈ ಹಾಕಿದೆ. ಹೊಸ ಕನೆಕ್ಟಿಂಗ್ ರಾಡ್, ಹೊಸ ಬೇರಿಂಗ್, ಹೊಸ ಸೀಲ್, ಸಿಲಿಂಡರ್ ಬೋರ್ ಮಾಡಿಸಿ (ಒಳಮೈ ಕೊರೆಸಿ) ಓವರ್‌ಸೈಜ್ ಪಿಸ್ಟನ್. ಎಲ್ಲ ಸೇರಿ ಆರೂವರೆ ಸಾವಿರ. ಬೇರಿಂಗನ್ನು ಸುತ್ತಿಗೆಯಿಂದ ಹೊಡೆದು ಕೂರಿಸೋದನ್ನು ಎಷ್ಟೋ ಕಡೆ ನೋಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಬೇರಿಂಗನ್ನು ಫ್ರಿಜ್‌ನಲ್ಲಿ, ಐಸ್ ಇಡೋ ಜಾಗದಲ್ಲಿ ಇಡಿ. ಬೆಳಿಗ್ಗೆ ಅಲ್ಯೂಮಿನಿಯಂ ಕೇಸನ್ನು ಹದವಾಗಿ ಬಿಸಿ ಮಾಡಿ. ಬೇರಿಂಗ್ ತಾನಾಗೇ ಜಾರಿ ಕೂರುತ್ತದೆ. ಆ 'ಟಕ್' ಅನ್ನೋ ಸದ್ದು ಒಮ್ಮೆ ಕೇಳಿದರೆ ಮತ್ತೆ ಸುತ್ತಿಗೆ ಹಿಡಿಯೋದಿಲ್ಲ.

ಎಂಜಿನ್ ಕೂಡಿಸಿದ ಮೇಲೆ ಕಿಕ್ ಹೊಡೆಯೋ ಮುಂಚೆ ಒಂದು ಪರೀಕ್ಷೆ ಇದೆ. ಇದಕ್ಕೆ ಬೇಕಾಗಿರೋದು ಹಳೇ ಬಿಪಿ ಮೀಟರು. ಹೌದು, ಡಾಕ್ಟರು ತೋಳಿಗೆ ಕಟ್ಟೋದೇ. ಪಿಸ್ಟನ್ ಪೂರ್ತಿ ಕೆಳಗೆ ಇಳಿಸಿ. ಸೈಲೆನ್ಸರ್ ಕೂರೋ ಬಾಯಿಗೆ, ಕಾರ್ಬುರೇಟರ್ ಕೂರೋ ಬಾಯಿಗೆ ಲಾರಿ ಟ್ಯೂಬಿನ ರಬ್ಬರ್ ತುಂಡು ಇಟ್ಟು, ಮೇಲೆ ಪಟ್ಟಿ ಹಾಕಿ ಬಿಗಿ ಮಾಡಿ. ಹಳೇ ಪ್ಲಗ್ಗಿನ ಒಳಗಿನ ಪಿಂಗಾಣಿ ತೆಗೆದು, ಅದಕ್ಕೊಂದು ಹಿತ್ತಾಳೆ ನಿಪ್ಪಲ್ ಕೂರಿಸಿ, ಬಿಪಿ ಮೀಟರಿನ ಪೈಪ್ ಸಿಕ್ಕಿಸಿ. ಬಲ್ಬ್ ಒತ್ತಿ ಮುಳ್ಳನ್ನು 300ಕ್ಕೆ ತನ್ನಿ. ಅದು ಸುಮಾರು 6 ಪಿಎಸ್‌ಐ. ಅದಕ್ಕಿಂತ ಜಾಸ್ತಿ ಬೇಡ, ಸೀಲ್ ಹಾಳಾಗುತ್ತದೆ. ಆರು ನಿಮಿಷ ಮುಳ್ಳು ನಿಲ್ಲಬೇಕು. ಇಳಿದರೆ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದ ಕಡೆ ಸೋರುತ್ತಿದೆ. ಟೂ-ಸ್ಟ್ರೋಕ್ ಮುಟ್ಟೋ ಪ್ರತಿ ಗ್ಯಾರೇಜಿನ ಗೋಡೆಗೂ ಒಂದು ಬಿಪಿ ಮೀಟರು ನೇತಾಡಬೇಕು ಅನ್ನೋದು ನನ್ನ ಆಸೆ.

ಆಯಿಲ್ ವಿಷಯ. ಮೂವತ್ತು ವರ್ಷದ ಹಳೇ ಆಯಿಲ್ ಪಂಪನ್ನು ನಾನು ನಂಬೋದಿಲ್ಲ. ಪೆಟ್ರೋಲಿಗೇ ಕಲಸುತ್ತೇನೆ, ಲೀಟರಿಗೆ 25 ಎಂಎಲ್ ಒಳ್ಳೆ 2ಟಿ (ಟೂ-ಸ್ಟ್ರೋಕ್) ಆಯಿಲ್. ಕ್ರ್ಯಾಂಕ್ ಬೇರಿಂಗಿಗೂ ಪಿಸ್ಟನ್ನಿಗೂ ಸಿಗೋ ಆಯಿಲ್ ಅದೊಂದೇ. ಅದಕ್ಕೇ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಗೇರಿನಲ್ಲೇ ಎಂಜಿನ್ ಕೂಗಿಸುತ್ತಾ ಇಳಿಯಬೇಡಿ. ಪೆಟ್ರೋಲ್ ನಿಂತರೆ ಆಯಿಲೂ ನಿಂತಂತೆ. ಇನ್ನೊಂದು, ಈಗ ಪಂಪುಗಳಲ್ಲಿ ಸಿಗೋದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೇ ಕಾರ್ಬುರೇಟರಿನ ರಬ್ಬರನ್ನು ಉಬ್ಬಿಸುತ್ತದೆ, ಪೆಟ್ರೋಲ್-ಗಾಳಿ ಮಿಕ್ಸ್ಚರನ್ನು ಸ್ವಲ್ಪ ತೆಳು ಮಾಡುತ್ತದೆ. ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡೋ ತೂತಿನ ಪಾರ್ಟ್) ಒಂದು ನಂಬರ್ ದೊಡ್ಡದು ಹಾಕಿ ಪ್ಲಗ್ ಬಣ್ಣ ನೋಡಿ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ಟ್ಯಾಂಕು, ಕಾರ್ಬುರೇಟರ್ ಎರಡೂ ಖಾಲಿ ಮಾಡಿ.

ನಮ್ಮ ಕಡೆಯವರು ಇದನ್ನೂ ನೆನಪಿಡಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿ ಗಾಳಿ ತೆಳು. ಆಗ ಸರಿ ಮಾಡಿದ ಜೆಟ್ಟು ಡಿಸೆಂಬರ್ ಬೆಳಗಿನ ತಂಪು ಗಾಳಿಗೆ ಸಾಲೋದಿಲ್ಲ, ಎಂಜಿನ್ ಸುಡುತ್ತದೆ. ಅದಕ್ಕೆ ಚಳಿಯಲ್ಲಿ ಮತ್ತೊಮ್ಮೆ ಪ್ಲಗ್ ಬಿಚ್ಚಿ ನೋಡಲೇಬೇಕು. ಫಿಲ್ಟರ್ ತೆಗೆದು ಓಡಿಸೋ ಹುಡುಗರಿಗಂತೂ ಕೈ ಮುಗಿಯುತ್ತೇನೆ. ಸಂಡೂರಿನ ಕೆಂಪು ಧೂಳಿರಲಿ, ಸಿಂಧನೂರಿನ ಎರೆ ಮಣ್ಣಿರಲಿ, ಒಳಗೆ ಹೋದರೆ ಉಪ್ಪುಕಾಗದ ಉಜ್ಜಿದ ಹಾಗೆ. ಆಯಿಲ್ ಹಚ್ಚಿದ ಫೋಮ್ ಫಿಲ್ಟರ್ ಹಾಕಿ, ಪ್ರತಿ ಸಲ ತೊಳೆಯಿರಿ.

ಇನ್ನು ಮುಂದಿನ ಚಕ್ರ ಹಿಡಿಯೋ ಫೋರ್ಕು. ಹಳೇ ಮ್ಯಾಕ್ಸ್ ಫೋರ್ಕು ಗುಂಡಿಗೆ ಆಗೋದಿಲ್ಲ. ನಾನು ಹಾಕಿದ್ದು ಹೀರೋ ಇಂಪಲ್ಸ್‌ನದು, ಚಕ್ರ, ಡಿಸ್ಕ್ ಬ್ರೇಕ್ ಸಮೇತ ಏಳೂವರೆ ಸಾವಿರ. 2011ರಲ್ಲಿ ಬಂದ ಗಾಡಿ, ಈಗ ಗುಜರಿಯಲ್ಲಿ ಸಿಗುತ್ತದೆ. ಆದರೆ ಒಂದರ ಸ್ಟೀರಿಂಗ್ ಕಂಬಿ (ಫೋರ್ಕನ್ನು ಚಾಸಿಗೆ ಕೂಡಿಸೋದು) ಇನ್ನೊಂದಕ್ಕೆ ಕೂರೋದಿಲ್ಲ. ಇಲ್ಲಿ ನಮ್ಮ ಊರಿನ ಪುಣ್ಯ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಬಂತು, ಭತ್ತ ಬಂತು, ಅಕ್ಕಿ ಗಿರಣಿ, ಟ್ರ್ಯಾಕ್ಟರ್, ಕಟಾವು ಮಿಷನ್ ಬಂದವು. ಅವನ್ನು ರಿಪೇರಿ ಮಾಡೋಕೆ ಲೇತ್ ಅಂಗಡಿ ಬಂದವು. ಗಿರಣಿಯ ಶಾಫ್ಟ್ ತಿರುವೋ ಮಿಸ್ತ್ರಿಗೆ ನಮ್ಮ ಸ್ಟೀರಿಂಗ್ ಕಂಬಿ ಯಾವ ಲೆಕ್ಕ? ಅವರು ಮ್ಯಾಕ್ಸ್‌ನ ಕಂಬಿಯನ್ನು ಒತ್ತಿ ತೆಗೆದರು. ಇಂಪಲ್ಸ್‌ನ ಕೆಳಗಿನ ಪ್ಲೇಟಿಗೆ ಆ ಕಂಬಿ ಕೂರೋ ಹಾಗೆ ಒಂದು ಬುಷ್ (ಲೋಹದ ಬಳೆ) ತಿರುವಿದರು. ಕೂದಲೆಳೆಯಷ್ಟು ಕೆರೆಯೋದು, ಮಿಷನ್ ನಿಲ್ಲಿಸೋದು, ವರ್ನಿಯರ್ ಹಿಡಿಯೋದು, ಮತ್ತೆ ಕೆರೆಯೋದು. ಕೊನೆಗೆ ಪ್ರೆಸ್ಸಿನಲ್ಲಿ ಒತ್ತಿದಾಗ ಎರಡೂ ಒಂದೇ ಲೋಹದ ಹಾಗೆ ಕೂತವು. ಚಾಸಿಯಲ್ಲಿ ಸ್ಟೀರಿಂಗ್ ಬೇರಿಂಗ್ ಕೂರೋ ಹಳೇ ಕೋನ್‌ಸೆಟ್ ಜಾಗ ಮುಟ್ಟಲೇ ಇಲ್ಲ. ಈ ಕೆಲಸಕ್ಕೆ ಚೌಕಾಸಿ ಮಾಡಬೇಡಿ. ನಿಮ್ಮ ಮುಖ ಮೊದಲು ನೆಲಕ್ಕೆ ಬೀಳೋದನ್ನು ತಡೆಯೋದು ಆ ಬುಷ್ಷೇ. ಲೇತ್, ವೆಲ್ಡಿಂಗ್ ಸೇರಿ ಮೂರೂವರೆ ಸಾವಿರ ಕೊಟ್ಟೆ.

ಚೈನ್, ಸ್ಪ್ರಾಕೆಟ್, ಕೇಬಲ್, ಬ್ರೇಕ್ ಶೂ ಹೊಸದು, ಮೂರೂವರೆ ಸಾವಿರ. ಟೈರು ನಾಲ್ಕು ಸಾವಿರ. ಒಟ್ಟು 35 ಸಾವಿರ, ಅದರಲ್ಲಿ ಅರ್ಧ ಹಳೇ ಸಾಮಾನಿಗೆ, ಅರ್ಧ ಹೊಸದಕ್ಕೆ ಮತ್ತು ಕೂಲಿಗೆ. ಸ್ಟಿಕ್ಕರಿಗೆ ಒಂದು ರೂಪಾಯಿ ಇಲ್ಲ.

ಸೈಲೆನ್ಸರ್ ಬಗ್ಗೆ ಎರಡೇ ಮಾತು. ಟೂ-ಸ್ಟ್ರೋಕ್‌ನ ಸೈಲೆನ್ಸರ್ ಬರೀ ಹೊಗೆ ಕೊಳವೆ ಅಂದುಕೊಳ್ಳಬೇಡಿ. ಹೊರಗೆ ಜಾರೋ ಹೊಸ ಪೆಟ್ರೋಲನ್ನು ಒತ್ತಡದ ಅಲೆಯಿಂದ ವಾಪಸ್ ಸಿಲಿಂಡರಿಗೆ ತಳ್ಳೋದು ಅದೇ. ಅದರ ಹೊಟ್ಟೆ ಕತ್ತರಿಸಿ ನೇರ ಪೈಪ್ ಹಾಕಿದರೆ ಸದ್ದು ಜಾಸ್ತಿ ಆಗುತ್ತದೆ, ಪವರ್ ಕಡಿಮೆ ಆಗುತ್ತದೆ. ಊರ ಅಜ್ಜಿಯರ ನಿದ್ದೆಯೂ ಹೋಗುತ್ತದೆ.

ಕಾನೂನೂ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿ ಕೊಟ್ಟ ರೂಪದಿಂದ ಬದಲಿಸೋ ಹಾಗಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅದಕ್ಕೆ ನಮ್ಮ ಗಾಡಿ ರಸ್ತೆಗೆ ಇಳಿಯೋದೇ ಇಲ್ಲ. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹೊಲಕ್ಕೆ ಹೋಗುತ್ತದೆ, ಟ್ರೇಲರಿನಲ್ಲೇ ಬರುತ್ತದೆ. ಸುಗ್ಗಿ ಮುಗಿದ ಮೇಲೆ ಮಾವನ ಮಸಾರಿ ಹೊಲ ನಮ್ಮ ಟ್ರ್ಯಾಕು. ಆನೆಗೊಂದಿ, ಅಂಜನಾದ್ರಿ ಕಡೆ ಬಂಡೆಗಳ ನಡುವೆ ಗಾಡಿ ನುಗ್ಗಿಸೋ ಆಸೆ ಬಿಡಿ. ಅಲ್ಲಿ ಪ್ರತಿ ಕಲ್ಲಿಗೂ ಚರಿತ್ರೆ ಇದೆ, ಗುಹೆಗಳಲ್ಲಿ ಕರಡಿ, ಚಿರತೆ ಇವೆ. ಹೆಲ್ಮೆಟ್, ಬೂಟು, ಮೊಣಕಾಲು ಗಾರ್ಡ್ ಇಲ್ಲದವರಿಗೆ ನಾನು ಕೀ ಕೊಡೋದಿಲ್ಲ.

ಆ ಕಾರಟಗಿ ಹುಡುಗನ ಕಥೆ ಹೇಳಿಬಿಡುತ್ತೇನೆ. ಅವತ್ತು ಗ್ಯಾರೇಜಿನಲ್ಲಿ ಎರಡು ಗಂಟೆ ಮಾತಾಡಿದೆವು. ಮೊದಲು ಮುಖ ಸಣ್ಣದು ಮಾಡಿಕೊಂಡು ಹೋದ. ಹದಿನೈದು ದಿನ ಬಿಟ್ಟು ಫೋನ್ ಬಂತು. ಅವರ ಸೋದರತ್ತೆ ಮನೆಯಲ್ಲಿ ಒಂದು ಸಮುರಾಯ್ ಇದೆಯಂತೆ, ಎಂಟು ವರ್ಷದಿಂದ ಕಿಕ್ ಹೊಡೆದಿಲ್ಲವಂತೆ. ಹೋದ ಭಾನುವಾರ ಅದರ ಎಂಜಿನ್ ಕೂಡಿಸಿ ಮುಗಿಸಿದೆವು. ಅವನೇ ಬಲ್ಬ್ ಒತ್ತಿದ, ಮುಳ್ಳು 300ಕ್ಕೆ ಬಂತು. ಎರಡನೇ ನಿಮಿಷಕ್ಕೆ ಇಳಿಯೋಕೆ ಶುರುವಾಯಿತು. ಸೋಪಿನ ನೀರು ಹಚ್ಚಿದರೆ ಬ್ಲಾಕ್ ಕೆಳಗಿನ ಪ್ಯಾಕಿಂಗ್ ಹತ್ತಿರ ಸಾಸಿವೆಯಷ್ಟು ಸಣ್ಣ ಗುಳ್ಳೆ. ಮತ್ತೆ ಬಿಚ್ಚಿದ. ಹೊಸ ಪ್ಯಾಕಿಂಗ್ ಹಾಕಿದ. ಸಂಜೆ ಏಳಕ್ಕೆ ಮತ್ತೆ ಒತ್ತಿದ. ಕರೆಂಟು ಹೋಗಿತ್ತು, ಮೊಬೈಲ್ ಬೆಳಕಲ್ಲಿ ಮೂರು ಜನ ಆ ಮುಳ್ಳನ್ನೇ ನೋಡುತ್ತಾ ಕೂತೆವು. ಆರು ನಿಮಿಷ ಆಯಿತು. ಮುಳ್ಳು ಅಲ್ಲೇ ಇತ್ತು. ಹೊರಗೆ ಅವರಪ್ಪನ ಆರ್‌ಎಕ್ಸ್ ನಿಂತಿತ್ತು, ಅದರ ಮೇಲೇ ಅವನು ಊರಿಗೆ ಹೋದ.